ತುರಿಕೆಯಿಲ್ಲದ ಬಾವು

ಮನುಷ್ಯನ ಮೈ ಬಾತುಕೊಳ್ಳುವುದಕ್ಕೆ ಕಾರಣಗಳು ಒಂದೆರಡಲ್ಲ. ಜೇನು ಕುಟುಕಿದರೆ ಕೈ ಊದುತ್ತದೆ. ಹಲ್ಲು ಹುಳುಕಾದರೆ ಕೆನ್ನೆ ಊದುತ್ತದೆ. ಮೂತ್ರಪಿಂಡಗಳು ಕೆಟ್ಟರೆ ಬೆಳಗಿನ ಹೊತ್ತು ಕಣ್ಣಿನ ರೆಪ್ಪೆಗಳು ದಪ್ಪಗಾಗುತ್ತವೆ. ಹೃದಯ ದುರ್ಬಲವಾದರೆ ಸಂಜೆಯ ಹೊತ್ತಿಗೆ ಪಾದಗಳು ಭಾರವಾಗುತ್ತವೆ. ಇವುಗಳ ಕಾರಣ ಕಣ್ಣಿಗೆ ಕಾಣುವಂಥದು, ಇಲ್ಲವೆ ಸಾಮಾನ್ಯ ಪರೀಕ್ಷೆಗಳಿಂದ ತಿಳಿಯತಕ್ಕದ್ದು. ಆದರೆ ಇವು ಯಾವುವಕ್ಕೂ ಸೇರದ ಇನ್ನೊಂದು ಬಗೆಯ ಬಾವು ಉಂಟು. ರಾತ್ರಿ ಮಲಗುವಾಗ ತುಟಿ ಸ್ವಲ್ಪ ಬಿಗಿದಂತೆ ಅನಿಸುತ್ತದೆ. ಬೆಳಗಾಗುವಷ್ಟರಲ್ಲಿ ಮುಖವೇ ಗುರುತು ಸಿಗದಂತೆ ಊದಿರುತ್ತದೆ. ತುರಿಕೆಯಿಲ್ಲ, ಜ್ವರವಿಲ್ಲ, ಗಂಧೆಯೆದ್ದಿಲ್ಲ. ಎರಡು ಮೂರು ದಿನ ಕಳೆದರೆ ಕಲೆಯನ್ನೂ ಉಳಿಸದೆ ಅದು ಹೊರಟುಹೋಗುತ್ತದೆ. ಮುಂದಿನ ತಿಂಗಳು ಕೈಗೆ ಬರಬಹುದು, ಅದರಾಚೆಗೆ ಪಾದಕ್ಕೆ. ಒಮ್ಮೊಮ್ಮೆ ಹೊರಗೆ ಏನೂ ಕಾಣದೆ ಹೊಟ್ಟೆಯಲ್ಲಿ ತಡೆಯಲಾಗದ ನೋವೂ ವಾಂತಿಯೂ ಉಂಟಾಗುವುವು.

ಜೇವರ್ಗಿ ತಾಲೂಕಿನ ನೆಲೋಗಿಯಂಥ ಊರಿನಲ್ಲಿ ಇಂಥ ಬಾವನ್ನು ಕಂಡವರು ಏನೆನ್ನುವರೆಂಬುದನ್ನು ಊಹಿಸುವುದು ಕಷ್ಟವಲ್ಲ. ಹುಳ ಮುಟ್ಟಿರಬೇಕು ಎನ್ನುವರು ಕೆಲವರು. ನಂಜಾಗಿದೆ ಎನ್ನುವರು ಇನ್ನು ಕೆಲವರು. ದೃಷ್ಟಿ ತಾಗಿದೆ ಎಂದು ನಿವಾಳಿಸುವವರೂ ಇದ್ದಾರೆ. ದವಾಖಾನೆಗೆ ಹೋದರೆ ಅಲರ್ಜಿಯ ಸೂಜಿಮದ್ದು ಸಿಗುತ್ತದೆ. ಈ ಬಾವು ಹೇಗೂ ಮೂರು ದಿನಕ್ಕೆ ತಾನಾಗಿಯೇ ಇಳಿಯತಕ್ಕದ್ದು. ಆದುದರಿಂದ ಕಡೆಯಲ್ಲಿ ಮಾಡಿದ ಉಪಾಯ ಯಾವುದೋ, ಅದಕ್ಕೇ ಗುಣಪಡಿಸಿದ ಕೀರ್ತಿ ಸಲ್ಲುತ್ತದೆ. ಹೀಗಾಗಿ ನಿಜವಾದ ಕಾರಣವನ್ನು ಯಾರೂ ಹುಡುಕುವುದಿಲ್ಲ. ಹುಡುಕದಿದ್ದರೆ ನಷ್ಟವೇನು ಎಂದು ಕೇಳಬಹುದು. ನಷ್ಟವಿದೆ. ಇದೇ ಬಾವು ಒಂದು ದಿನ ಗಂಟಲಿನೊಳಗೆ ಎದ್ದರೆ ಉಸಿರಿನ ದಾರಿಯೇ ಮುಚ್ಚಿಹೋಗುತ್ತದೆ.

ಈ ವ್ಯಾಧಿಗೆ ವೈದ್ಯರು ಆಂಜಿಯೋಎಡಿಮಾ ಎಂದು ಹೆಸರಿಟ್ಟಿದ್ದಾರೆ. ಗ್ರೀಕ್ ಭಾಷೆಯಲ್ಲಿ ‘ಆಂಜಿಯೋ’ ಎಂದರೆ ನಾಳ, ‘ಎಡಿಮಾ’ ಎಂದರೆ ಊತ. ವಾಸ್ತವವಾಗಿ ಊದುವುದು ನಾಳವಲ್ಲ. ನಾಳದೊಳಗಿನ ನೀರು ಹೊರಕ್ಕೆ ಸೋರಿ, ಚರ್ಮದ ಆಳದ ಪದರ ಊದುತ್ತದೆ.

ಐದು ತಲೆಮಾರಿನ ಕಥೆ

1882ರಲ್ಲಿ ಜರ್ಮನಿಯ ಕೀಲ್ ನಗರದ ವೈದ್ಯ ಹೈನ್‌ರಿಖ್ ಕ್ವಿಂಕೆ ಎಂಬುವರು ಈ ಬಗೆಯ ಬಾವನ್ನು ಸ್ಪಷ್ಟವಾಗಿ ವರ್ಣಿಸಿದರು. ಬಹುಕಾಲ ಅದು ‘ಕ್ವಿಂಕೆಯ ಊತ’ವೆಂದೇ ಪ್ರಸಿದ್ಧವಾಗಿತ್ತು. ಆರು ವರ್ಷಗಳ ಅನಂತರ, 1888ರಲ್ಲಿ, ಆಗ ಅಮೆರಿಕದ ಫಿಲಡೆಲ್ಫಿಯಾದಲ್ಲಿದ್ದ ವಿಲಿಯಂ ಆಸ್ಲರ್ ಅವರು ಒಂದೇ ಮನೆತನದ ಐದು ತಲೆಮಾರುಗಳಲ್ಲಿ ಈ ಬಾವು ಹರಿದುಬಂದಿರುವುದನ್ನು ಪ್ರಕಟಿಸಿದರು. ಇದು ಆನುವಂಶಿಕವೆಂಬ ಮಾತು ವೈದ್ಯಶಾಸ್ತ್ರದಲ್ಲಿ ಭದ್ರವಾಗಿ ನೆಲೆಗೊಂಡದ್ದು ಅಲ್ಲಿಂದ. ಆದರೆ ಆ ಕಾಲದವರು ಕಾರಣವನ್ನು ನರಗಳಲ್ಲಿ ಹುಡುಕಿದರು. ಮನಸ್ಸು ಕಲಕಿದಾಗ ಬಾವು ಹೆಚ್ಚುವುದನ್ನು ಕಂಡು, ಅದು ನರಗಳ ರೋಗವಿರಬೇಕೆಂದು ಭಾವಿಸಿದರು. ಈ ಭಾವನೆಯಿಂದಾಗಿ ಎಷ್ಟೋ ರೋಗಿಗಳು ‘ನಿಮಗಿರುವುದು ಮನಸ್ಸಿನ ಕಾಯಿಲೆ’ ಎಂಬ ಮಾತನ್ನು ಕೇಳಬೇಕಾಯಿತು.

ನಿಜವಾದ ಕಾರಣ ತಿಳಿದುಬಂದದ್ದು 1963ರಲ್ಲಿ. ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಇವಾನ್ಸ್ ಎಂಬ ಅಮೆರಿಕದ ಸಂಶೋಧಕರು ಈ ರೋಗಿಗಳ ರಕ್ತದಲ್ಲಿ ಒಂದು ಪ್ರೋಟೀನಿನ ಕೊರತೆಯಿರುವುದನ್ನು ತೋರಿಸಿಕೊಟ್ಟರು. ಆ ಪ್ರೋಟೀನಿನ ಹೆಸರು ಸಿ-1 ಇನ್‌ಹಿಬಿಟರ್. ನಾವು ಅದನ್ನು ಸಿ-1 ತಡೆಗಾರ ಎಂದು ಕರೆಯೋಣ.

ಲೋಮನಾಳದ ಗೋಡೆ

ತಡೆಗಾರನ ಕೆಲಸವೇನೆಂಬುದನ್ನು ತಿಳಿಯಬೇಕಾದರೆ ಮೊದಲು ಒಂದು ಭೌತಶಾಸ್ತ್ರದ ಸಂಗತಿಯನ್ನು ನೋಡಬೇಕು. ಹೃದಯದಿಂದ ಹೊರಟ ರಕ್ತ ಕವಲೊಡೆಯುತ್ತ ಹೋಗಿ, ಕೊನೆಗೆ ಕೂದಲಿಗಿಂತಲೂ ಸಣ್ಣದಾದ ಲೋಮನಾಳಗಳನ್ನು ಸೇರುತ್ತದೆ. ಲೋಮನಾಳದ ಗೋಡೆ ಒಂದೇ ಪದರದ ಜೀವಕೋಶಗಳಿಂದಾದುದು. ಒಳಗಿನ ರಕ್ತದ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತದೆ. ರಕ್ತದಲ್ಲಿ ಕರಗಿರುವ ಪ್ರೋಟೀನುಗಳು ಗೋಡೆಯನ್ನು ಸುಲಭವಾಗಿ ದಾಟಲಾರವು. ಅವು ಅಭಿಸರಣದ ಬಲದಿಂದ ನೀರನ್ನು ಒಳಕ್ಕೆ ಸೆಳೆದುಕೊಳ್ಳುತ್ತವೆ. ಈ ಎರಡು ಬಲಗಳ ಜಗ್ಗಾಟವನ್ನು 1896ರಲ್ಲಿ ಇಂಗ್ಲೆಂಡಿನ ಅರ್ನೆಸ್ಟ್ ಸ್ಟಾರ್ಲಿಂಗ್ ಅವರು ವಿವರಿಸಿದರು. ಲೋಮನಾಳದ ಆರಂಭದಲ್ಲಿ ರಕ್ತದ ಒತ್ತಡ ಪಾದರಸದ ಸುಮಾರು 35 ಮಿಲಿಮೀಟರಿನಷ್ಟು, ಕೊನೆಯಲ್ಲಿ ಸುಮಾರು 15ರಷ್ಟು; ಪ್ರೋಟೀನುಗಳ ಸೆಳೆತ ಸುಮಾರು 25ರಷ್ಟು. ಹೊರಗೆ ಜಿನುಗಿದ ನೀರಿನ ಬಹುಭಾಗವನ್ನು ದುಗ್ಧರಸ ನಾಳಗಳು ಸಂಗ್ರಹಿಸಿ ರಕ್ತಕ್ಕೆ ಹಿಂದಿರುಗಿಸುತ್ತವೆಂದು ಈಚಿನ ಸಂಶೋಧನೆಗಳು ತೋರಿಸಿವೆ. ಜಿನುಗುವುದೂ ಹಿಂದಿರುಗುವುದೂ ಸರಿದೂಗಿರುವವರೆಗೆ ಊತವಿಲ್ಲ.

ಈಗ ಗೋಡೆಯ ಕೋಶಗಳ ನಡುವಿನ ಸಂದುಗಳು ಅಗಲವಾದರೆ ಏನಾದೀತು? ನಮ್ಮ ಭೀಮಾ ತೀರದ ಎರೆಹೊಲಗಳನ್ನು ನೆನೆಯಿರಿ. ಬೇಸಗೆಯಲ್ಲಿ ಬಿರುಕುಬಿಟ್ಟ ಎರೆಯ ಮೇಲೆ ಬಿದ್ದ ಮೊದಲ ಮಳೆ ಹರಿಯುವುದೇ ಇಲ್ಲ, ಬಿರುಕಿನೊಳಗೆ ಇಳಿದುಹೋಗುತ್ತದೆ. ಹಾಗೆಯೇ ಲೋಮನಾಳದ ಸಂದುಗಳು ತೆರೆದಾಗ ನೀರು ಮಾತ್ರವಲ್ಲ, ನೀರನ್ನು ಹಿಡಿದಿಡಬೇಕಾದ ಪ್ರೋಟೀನುಗಳೂ ಹೊರಕ್ಕೆ ಹೋಗುತ್ತವೆ. ಒಳಕ್ಕೆ ಸೆಳೆಯುವ ಬಲವೇ ಕುಂದುತ್ತದೆ. ದುಗ್ಧರಸ ನಾಳಗಳು ಅಷ್ಟು ನೀರನ್ನು ಒಮ್ಮೆಗೇ ಸಾಗಿಸಲಾರವು. ಆದ್ದರಿಂದಲೇ ಈ ಬಾವು ಹನ್ನೆರಡು ಗಂಟೆ, ಇಪ್ಪತ್ತನಾಲ್ಕು ಗಂಟೆ ಏರುತ್ತಲೇ ಇದ್ದು, ಇಳಿಯಲು ಮತ್ತೆರಡು ಮೂರು ದಿನ ತೆಗೆದುಕೊಳ್ಳುತ್ತದೆ.

ಸಂದು ತೆರೆಯುವ ಅಣು

ಹೀಗೆ ಸಂದುಗಳನ್ನು ತೆರೆಯುವ ವಸ್ತುಗಳು ಮುಖ್ಯವಾಗಿ ಎರಡು. ಒಂದು ಹಿಸ್ಟಮಿನ್, ಅಲರ್ಜಿಯ ಗಂಧೆಗೂ ತುರಿಕೆಗೂ ಅದೇ ಕಾರಣ. ಎರಡನೆಯದು ಬ್ರಾಡಿಕೈನಿನ್. ಬ್ರೆಜಿಲಿನಲ್ಲಿ 1949ರಲ್ಲಿ ರೋಷಾ ಎ ಸಿಲ್ವಾ ಅವರೂ ಅವರ ಸಂಗಡಿಗರೂ ಜರಾರಾಕಾ ಎಂಬ ಹಾವಿನ ವಿಷವನ್ನು ಕುರಿತು ಪ್ರಯೋಗ ಮಾಡುತ್ತಿದ್ದಾಗ ಇದನ್ನು ಕಂಡುಹಿಡಿದರು. ಕರುಳಿನ ತುಂಡನ್ನು ಇದು ನಿಧಾನವಾಗಿ ಸಂಕುಚಿಸುವಂತೆ ಮಾಡಿತು. ‘ನಿಧಾನ’ ಮತ್ತು ‘ಚಲನೆ’ ಎಂಬ ಅರ್ಥದ ಗ್ರೀಕ್ ಪದಗಳಿಂದ ಇದರ ಹೆಸರಾಯಿತು. ಇದು ಕೇವಲ ಒಂಬತ್ತು ಅಮೈನೋ ಆಮ್ಲಗಳ ಸರಪಣಿ. ರಕ್ತದಲ್ಲಿ ಇದರ ಆಯುಸ್ಸು ಒಂದು ನಿಮಿಷಕ್ಕಿಂತಲೂ ಕಡಿಮೆ. ಹುಟ್ಟಿದ ಕೂಡಲೇ ಕಿಣ್ವಗಳು ಇದನ್ನು ಕತ್ತರಿಸಿಹಾಕುತ್ತವೆ.

ಬ್ರಾಡಿಕೈನಿನ್ ಹುಟ್ಟುವ ಬಗೆ ಹೀಗಿದೆ. ರಕ್ತದಲ್ಲಿರುವ ಹನ್ನೆರಡನೆಯ ಅಂಶವೆಂಬ ಪ್ರೋಟೀನು ಎಚ್ಚರಗೊಂಡು ಕ್ಯಾಲಿಕ್ರೀನ್ ಎಂಬ ಕಿಣ್ವವನ್ನು ಎಬ್ಬಿಸುತ್ತದೆ. ಕ್ಯಾಲಿಕ್ರೀನ್ ಒಂದು ದೊಡ್ಡ ಪ್ರೋಟೀನನ್ನು ಕತ್ತರಿಸಿ ಬ್ರಾಡಿಕೈನಿನ್ನನ್ನು ಬಿಡಿಸುತ್ತದೆ. ಅಷ್ಟಕ್ಕೇ ನಿಲ್ಲದೆ ಹನ್ನೆರಡನೆಯ ಅಂಶವನ್ನೇ ಮತ್ತಷ್ಟು ಎಬ್ಬಿಸುತ್ತದೆ. ಧ್ವನಿವರ್ಧಕದ ಮುಂದೆ ಮೈಕನ್ನು ಹಿಡಿದಾಗ ಸಣ್ಣ ಸದ್ದೊಂದು ಸುತ್ತಿಸುತ್ತಿ ಬೆಳೆದು ಕಿರುಚುವುದನ್ನು ಓದುಗರು ಕೇಳಿರಬಹುದು. ಇಲ್ಲಿ ನಡೆಯುವುದೂ ಅದೇ. ಈ ಸುತ್ತನ್ನು ಮುರಿಯುವುದು ಸಿ-1 ತಡೆಗಾರನ ಕೆಲಸ. ಈ ಅಣುವಿನ ರಚನೆ ಎಳೆದಿಟ್ಟ ಸ್ಪ್ರಿಂಗುಳ್ಳ ಇಲಿಬೋನಿನಂತಿದೆ. ಅದರ ಒಂದು ಕುಣಿಕೆಯನ್ನು ಕಿಣ್ವವು ಕಚ್ಚಿದ ಕ್ಷಣವೇ ಅಣು ಸಿಡಿದು ರೂಪ ಬದಲಿಸುತ್ತದೆ. ಕಿಣ್ವ ಅದಕ್ಕೆ ಸಿಕ್ಕಿಕೊಂಡು ನಿಷ್ಕ್ರಿಯವಾಗುತ್ತದೆ. ಆದರೆ ಸಿಡಿದ ಬೋನನ್ನು ಮತ್ತೆ ಹೂಡಲಾಗದು. ಒಂದು ಕಿಣ್ವಕ್ಕೆ ಒಂದು ತಡೆಗಾರ ಖರ್ಚಾದಂತೆಯೇ. ದಾಸ್ತಾನು ಕಡಿಮೆಯಿದ್ದವರಲ್ಲಿ ಹಲ್ಲು ಕೀಳಿಸಿದ ಪೆಟ್ಟು, ಸೋಂಕು, ಮನಸ್ಸಿನ ಆಯಾಸ ಇವುಗಳಲ್ಲಿ ಯಾವುದಾದರೊಂದು ಸುತ್ತನ್ನು ಆರಂಭಿಸಿದರೆ ಸಾಕು, ಬೋನುಗಳು ಮುಗಿದುಹೋಗುತ್ತವೆ. ಪರೀಕ್ಷೆಯ ದಿನಗಳಲ್ಲಿ ಬಾವು ಹೆಚ್ಚುವುದರ ಗುಟ್ಟು ಇದೇ. ಮನಸ್ಸು ನೆಪವಾಗಬಹುದು, ಮೂಲವಾಗಲಾರದು.

ವಂಶದಲ್ಲಿ ಇಳಿಯುವ ರೀತಿ

ತಡೆಗಾರನನ್ನು ತಯಾರಿಸುವ ಜೀನು ಹನ್ನೊಂದನೆಯ ವರ್ಣತಂತುವಿನಲ್ಲಿದೆ. ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡು ಪ್ರತಿಗಳು ನಮ್ಮಲ್ಲಿವೆ. ಎರಡರಲ್ಲಿ ಒಂದು ಕೆಟ್ಟರೂ ರೋಗ ಕಾಣಿಸಿಕೊಳ್ಳುತ್ತದೆ. ಉಳಿದ ಒಂದು ಪ್ರತಿ ಅರ್ಧದಷ್ಟನ್ನಾದರೂ ತಯಾರಿಸಬೇಕಲ್ಲವೆ ಎಂದರೆ, ತಯಾರಾದುದು ಬೇಗ ಖರ್ಚಾಗುವುದರಿಂದ ರಕ್ತದಲ್ಲಿ ಉಳಿಯುವುದು ಅರ್ಧಕ್ಕಿಂತಲೂ ಬಹಳ ಕಡಿಮೆ. ರೋಗವುಳ್ಳ ತಂದೆ ಅಥವಾ ತಾಯಿಯ ಪ್ರತಿಯೊಂದು ಮಗುವಿಗೂ ಇದು ಇಳಿಯುವ ಸಂಭವ ಎರಡರಲ್ಲಿ ಒಂದು. ಮೂವರು ಮಕ್ಕಳಿದ್ದರೆ ಮೂವರೂ ಪಾರಾಗುವ ಸಂಭವ ಎಂಟರಲ್ಲಿ ಒಂದು ಮಾತ್ರ. ಗಂಡು ಹೆಣ್ಣೆಂಬ ಭೇದವಿಲ್ಲ.

ನಮ್ಮ ಕಡೆ ಸೋದರಮಾವನಿಗೂ ಅಕ್ಕನ ಮಗಳಿಗೂ ಮದುವೆ ಮಾಡುವ ಪದ್ಧತಿ ಇದೆ. ರಕ್ತಸಂಬಂಧದ ಮದುವೆಯಿಂದ ಎರಡೂ ಪ್ರತಿಗಳು ಕೆಟ್ಟಾಗ ಮಾತ್ರ ತೋರುವ ರೋಗಗಳು ಹೆಚ್ಚುವುವೆಂಬುದು ನಿಜ. ಆದರೆ ಆನುವಂಶಿಕ ಆಂಜಿಯೋಎಡಿಮಾ ಆ ಗುಂಪಿನದಲ್ಲ. ಹೊರಗಿನ ಸಂಬಂಧ ಬೆಳೆಸಿದ ಮಾತ್ರಕ್ಕೆ ಇದು ತಪ್ಪುವುದಿಲ್ಲ. ಮನೆತನದಲ್ಲಿ ಯಾರಿಗೂ ಇಲ್ಲವೆಂದು ಇದನ್ನು ತಳ್ಳಿಹಾಕುವುದೂ ಸರಿಯಲ್ಲ. ರೋಗಿಗಳಲ್ಲಿ ನಾಲ್ಕೈದು ಮಂದಿಗೆ ಒಬ್ಬರಂತೆ ಜೀನಿನ ದೋಷ ಅವರಲ್ಲಿಯೇ ಹೊಸದಾಗಿ ಉಂಟಾಗಿರುತ್ತದೆ.

ಸಾಮಾನ್ಯವಾಗಿ ಐವತ್ತು ಸಾವಿರ ಜನರಲ್ಲಿ ಒಬ್ಬರಿಗೆ ಈ ರೋಗವಿರುವುದೆಂದು ಅಂದಾಜು. 2011ರ ಜನಗಣತಿಯಲ್ಲಿ ಕಲಬುರಗಿ ಜಿಲ್ಲೆಯ ಜನಸಂಖ್ಯೆ 25,66,326. ಭಾಗಾಕಾರ ಮಾಡಿ ನೋಡಿದರೆ ಜಿಲ್ಲೆಯಲ್ಲಿ ಐವತ್ತು ಮಂದಿಯಾದರೂ ಇರಬೇಕು. ಇದು ಸರಾಸರಿಯ ಲೆಕ್ಕವೇ ಹೊರತು ಎಣಿಕೆಯಲ್ಲ. ಆದರೂ ಈ ಐವತ್ತು ಮಂದಿ ಎಲ್ಲಿದ್ದಾರೆ, ಅವರಲ್ಲಿ ಎಷ್ಟು ಮಂದಿಗೆ ತಮ್ಮ ರೋಗದ ಹೆಸರು ಗೊತ್ತು ಎಂಬ ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು.

ಮನೆಯಲ್ಲಿಯೇ ಕೇಳಬಹುದಾದ ಪ್ರಶ್ನೆಗಳು

ಆಂಜಿಯೋಎಡಿಮಾವನ್ನು ಗುರುತಿಸುವ ಮೊದಲ ಉಪಕರಣ ಪ್ರಶ್ನೆಯೇ. ಬಾವಿನ ಜೊತೆಗೆ ತುರಿಕೆಯೂ ಗಂಧೆಯೂ ಉಂಟೆ? ಉಂಟಾದರೆ ಅದು ಬಹುಮಟ್ಟಿಗೆ ಹಿಸ್ಟಮಿನ್ನಿನ ಕೆಲಸ. ಅದು ನಿಮಿಷಗಳಲ್ಲಿ ಏರಿ, ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಅಲರ್ಜಿಯ ಮಾತ್ರೆಗೆ ಬಗ್ಗುತ್ತದೆ. ತುರಿಕೆಯಿಲ್ಲದೆ ನಿಧಾನವಾಗಿ ಏರಿ, ಎರಡರಿಂದ ಐದು ದಿನ ನಿಂತು, ಯಾವ ಅಲರ್ಜಿಯ ಮದ್ದಿಗೂ ಜಗ್ಗದಿದ್ದರೆ ಬ್ರಾಡಿಕೈನಿನ್ನನ್ನು ಶಂಕಿಸಬೇಕು. ಮೊದಲ ಬಾವು ಬಂದದ್ದು ಯಾವ ವಯಸ್ಸಿನಲ್ಲಿ? ಆನುವಂಶಿಕವಾದುದು ಬಹುಮಂದಿಯಲ್ಲಿ ಇಪ್ಪತ್ತು ತುಂಬುವುದರೊಳಗೆ ತೋರಿಕೊಂಡು, ಹರೆಯದಲ್ಲಿ ಹೆಚ್ಚುತ್ತದೆ. ಮನೆತನದಲ್ಲಿ ಯಾರಾದರೂ ಹೀಗೆ ಊದುತ್ತಿದ್ದರೆ, ಗಂಟಲು ಕಟ್ಟಿ ಹಠಾತ್ತನೆ ತೀರಿಕೊಂಡಿದ್ದರೆ? ಕೆಲವರಿಗೆ ಬಾವಿಗೆ ಮುನ್ನ ಚರ್ಮದ ಮೇಲೆ ಬಲೆಯ ಹಾಗೆ ಕೆಂಪು ಗೆರೆಗಳು ಮೂಡುವುದುಂಟು, ಅವು ತುರಿಸುವುದಿಲ್ಲ.

ಎಲ್ಲಕ್ಕಿಂತ ಮೋಸಗೊಳಿಸುವುದು ಹೊಟ್ಟೆಯ ನೋವು. ಕರುಳಿನ ಗೋಡೆ ಊದಿ ದಾರಿ ಕಿರಿದಾದಾಗ ರೋಗಿ ಒದ್ದಾಡಿಹೋಗುತ್ತಾನೆ. ಇದನ್ನು ಅಪೆಂಡಿಕ್ಸಿನ ಉರಿಯೂತವೆಂದು ತಿಳಿದು ಹೊಟ್ಟೆಯನ್ನು ಕೊಯ್ದು, ಒಳಗೆ ಏನೂ ದೋಷ ಕಾಣದೆ ಹೊಲಿದ ಪ್ರಸಂಗಗಳನ್ನು ಜಗತ್ತಿನ ಎಲ್ಲ ಕಡೆಯ ವೈದ್ಯರೂ ವರದಿಮಾಡಿದ್ದಾರೆ. ಪದೇ ಪದೇ ಹೊಟ್ಟೆನೋವು ಬಂದು ಎರಡು ಮೂರು ದಿನಕ್ಕೆ ತಾನಾಗಿ ಹೋಗುತ್ತಿದ್ದು, ನಡುನಡುವೆ ಕೈಕಾಲು ಮುಖಗಳು ಊದುತ್ತಿದ್ದರೆ, ಆ ಎರಡನ್ನೂ ಬೇರೆ ಬೇರೆ ಕಾಯಿಲೆಗಳೆಂದು ಭಾವಿಸದೆ ವೈದ್ಯರಿಗೆ ಒಟ್ಟಿಗೆ ಹೇಳಬೇಕು. ರೋಗಿ ತಾನೇ ಮುಖದ ಬಾವಿನ ಚಿತ್ರವನ್ನು ಫೋನಿನಲ್ಲಿ ತೆಗೆದಿಟ್ಟುಕೊಂಡು, ದಿನಾಂಕವನ್ನು ಬರೆದಿಟ್ಟರೆ, ಬಾವು ಇಳಿದ ಮೇಲೆ ದವಾಖಾನೆ ತಲುಪಿದರೂ ತೋರಿಸಲು ಸಾಕ್ಷಿಯಿರುತ್ತದೆ.

ರಕ್ತದ ಸಾಕ್ಷಿ

ಶಂಕೆ ಹುಟ್ಟಿದ ಮೇಲೆ ಸಾಮಾನ್ಯವಾಗಿ ಮೊದಲು ಮಾಡಿಸುವುದು ಸಿ-4 ಎಂಬ ಪ್ರೋಟೀನಿನ ಪರೀಕ್ಷೆ. ಸಿ-1 ತಡೆಗಾರನಿಗೆ ಆ ಹೆಸರು ಬಂದದ್ದೇ ರಕ್ತದ ರಕ್ಷಣಾವ್ಯವಸ್ಥೆಯ ಸಿ-1 ಎಂಬ ಘಟಕವನ್ನು ತಡೆಯುವುದರಿಂದ. ತಡೆಗಾರ ಕಡಿಮೆಯಾದಾಗ ಸಿ-1 ಲಗಾಮಿಲ್ಲದೆ ಸಿ-4ನ್ನು ಕತ್ತರಿಸುತ್ತಲೇ ಇರುತ್ತದೆ. ಹಾಗಾಗಿ ಬಾವಿಲ್ಲದ ದಿನಗಳಲ್ಲಿಯೂ ಬಹುಮಂದಿ ರೋಗಿಗಳಲ್ಲಿ ಸಿ-4 ಕಡಿಮೆಯಿರುತ್ತದೆ. ಸಿ-4 ಕಳ್ಳನಲ್ಲ, ಕಳ್ಳನ ಹೆಜ್ಜೆಯ ಗುರುತು. ಎರಡನೆಯ ಪರೀಕ್ಷೆ ತಡೆಗಾರನ ಪ್ರಮಾಣ. ಮೂರನೆಯದು ಅದರ ಕೆಲಸದ ಶಕ್ತಿ. ಈ ಮೂರನೆಯದನ್ನು ಬಿಡುವಂತಿಲ್ಲ. ಏಕೆಂದರೆ 1965ರಲ್ಲಿ ತಿಳಿದುಬಂದಂತೆ, ಕೆಲವು ಮನೆತನಗಳಲ್ಲಿ ತಡೆಗಾರ ಸಾಕಷ್ಟು ಇರುತ್ತದೆ, ಆದರೆ ಕೆಲಸ ಮಾಡುವುದಿಲ್ಲ, ಬೋನುಗಳಿವೆ, ಸ್ಪ್ರಿಂಗಿಲ್ಲ. ಪ್ರಮಾಣವೇ ಕಡಿಮೆಯಿರುವುದನ್ನು ಮೊದಲನೆಯ ಬಗೆಯೆಂದೂ ಇದನ್ನು ಎರಡನೆಯ ಬಗೆಯೆಂದೂ ಹೇಳುತ್ತಾರೆ. ಈ ಎರಡು ಬಗೆಗಳ ರೋಗಿಗಳಲ್ಲಿ ನೂರಕ್ಕೆ ಸುಮಾರು ಎಂಬತ್ತೈದು ಮಂದಿ ಮೊದಲನೆಯದಕ್ಕೂ ಉಳಿದವರು ಎರಡನೆಯದಕ್ಕೂ ಸೇರಿದವರು. ಇನ್ನು 2000ದಲ್ಲಿ, ತಡೆಗಾರ ಪೂರ್ತಿ ಸರಿಯಿದ್ದೂ ವಂಶದಲ್ಲಿ ಬಾವು ಹರಿಯುವ ಮೂರನೆಯ ಗುಂಪೊಂದು ಗೊತ್ತಾಯಿತು. ಅವರಲ್ಲಿ ಕೆಲವರಿಗೆ ಹನ್ನೆರಡನೆಯ ಅಂಶದ ಜೀನಿನಲ್ಲಿ ದೋಷವಿರುವುದು 2006ರಲ್ಲಿ ಖಚಿತವಾಯಿತು. ಇಂಥವರ ಸಿ-4 ಸರಿಯಾಗಿಯೇ ಇರುವುದರಿಂದ ಜೀನಿನ ಪರೀಕ್ಷೆಯೇ ಗತಿ.

ಅಳತೆಯೆಂದ ಮೇಲೆ ಅಳತೆಯ ದೋಷವೂ ಇರುವುದಷ್ಟೆ. ತೆಗೆದ ರಕ್ತವನ್ನು ಬಿಸಿಲಿನಲ್ಲಿ ಬಹಳ ಹೊತ್ತು ಸಾಗಿಸಿದರೆ ಸಿ-4 ಸೀಸೆಯೊಳಗೇ ಒಡೆದುಹೋಗಿ, ಆರೋಗ್ಯವಂತನೂ ರೋಗಿಯಂತೆ ತೋರಬಹುದು. ಆದ್ದರಿಂದ ಮಾದರಿಯನ್ನು ಬೇಗ ಬೇರ್ಪಡಿಸಿ ತಂಪಿನಲ್ಲಿಡಬೇಕು. ಕಡಿಮೆ ಬಂದ ಫಲಿತಾಂಶವನ್ನು ಇನ್ನೊಮ್ಮೆ ಪರೀಕ್ಷಿಸಿ ದೃಢಪಡಿಸಿಕೊಳ್ಳಬೇಕು. ಒಂದು ವರ್ಷದೊಳಗಿನ ಶಿಶುಗಳಲ್ಲಿ ಈ ಅಳತೆಗಳನ್ನು ಪೂರ್ತಿ ನಂಬುವಂತಿಲ್ಲ.

ನಡುವಯಸ್ಸಿನ ಬಾವು

ನಲವತ್ತು ದಾಟಿದ ಮೇಲೆ, ಮನೆತನದಲ್ಲಿ ಯಾರಿಗೂ ಇಲ್ಲದ ಬಾವು ಮೊದಲ ಬಾರಿಗೆ ಬಂದರೆ ಅದು ಹುಟ್ಟಿನಿಂದ ಬಂದುದಲ್ಲ, ಅನಂತರ ಗಳಿಸಿದುದು ಎನ್ನಬೇಕು. ಇಂಥವರಲ್ಲಿ ಜೀನು ಸರಿಯಾಗಿಯೇ ಇದೆ. ದುಗ್ಧರಸ ಗ್ರಂಥಿಗಳ ಅರ್ಬುದದಂಥ ರೋಗಗಳಲ್ಲಿ ತಡೆಗಾರ ವಿಪರೀತವಾಗಿ ಖರ್ಚಾಗುವುದುಂಟು. ಇಲ್ಲವೆ ದೇಹವೇ ತಡೆಗಾರನ ವಿರುದ್ಧ ಪ್ರತಿಕಾಯಗಳನ್ನು ತಯಾರಿಸುವುದುಂಟು. ಮೊದಲನೆಯದನ್ನು 1972ರಲ್ಲಿಯೂ ಎರಡನೆಯದನ್ನು 1986ರಲ್ಲಿಯೂ ವರ್ಣಿಸಲಾಯಿತು. ಇವರನ್ನು ಬೇರ್ಪಡಿಸಲು ಸಿ-1ಕ್ಯೂ ಎಂಬ ಇನ್ನೊಂದು ಪರೀಕ್ಷೆಯಿದೆ. ಆನುವಂಶಿಕ ರೋಗದಲ್ಲಿ ಅದು ಸಾಮಾನ್ಯವಾಗಿ ಸರಿಯಾಗಿರುತ್ತದೆ, ಗಳಿಸಿದುದರಲ್ಲಿ ಬಹುಮಟ್ಟಿಗೆ ಕಡಿಮೆಯಿರುತ್ತದೆ. ರಕ್ತದ ರೋಗ ಪ್ರಕಟವಾಗುವುದಕ್ಕೆ ವರ್ಷಗಳ ಮೊದಲೇ ಬಾವು ತೋರಬಹುದಾದ ಕಾರಣ, ಈ ಬಾವನ್ನು ಮುನ್ಸೂಚನೆಯೆಂದೇ ಎಣಿಸಬೇಕು.

ಇವೆರಡಕ್ಕಿಂತಲೂ ಹೆಚ್ಚಾಗಿ ಕಾಣುವುದು ಔಷಧಿಯಿಂದ ಬರುವ ಬಾವು. ಅದೇ ಜರಾರಾಕಾ ಹಾವಿನ ವಿಷದಲ್ಲಿ ಬ್ರಾಡಿಕೈನಿನ್ ಒಡೆಯದಂತೆ ತಡೆಯುವ ವಸ್ತುವೊಂದಿದೆಯೆಂದು ಬ್ರೆಜಿಲಿನ ಸೆರ್ಜಿಯೋ ಫೆರೇರಾ ಅವರು 1965ರಲ್ಲಿ ತೋರಿಸಿದರು. ಆ ಸುಳಿವನ್ನು ಹಿಡಿದು ರಕ್ತದೊತ್ತಡ ತಗ್ಗಿಸುವ ಕ್ಯಾಪ್ಟೊಪ್ರಿಲ್ ಸಿದ್ಧವಾಯಿತು. ಎನಲಾಪ್ರಿಲ್, ರಾಮಿಪ್ರಿಲ್, ಲಿಸಿನೋಪ್ರಿಲ್ ಮೊದಲಾದುವು ಅದರ ಹಿಂದೆ ಬಂದುವು. ಕೋಟಿಗಟ್ಟಲೆ ಜನರ ಹೃದಯವನ್ನು ಕಾಪಾಡುತ್ತಿರುವ ಒಳ್ಳೆಯ ಔಷಧಿಗಳಿವು. ಆದರೆ ಬ್ರಾಡಿಕೈನಿನ್ನನ್ನು ಒಡೆಯುವ ಕಿಣ್ವವನ್ನೇ ಇವು ತಡೆಯುವುದರಿಂದ, ಸೇವಿಸುವವರಲ್ಲಿ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಮಂದಿಗೆ ತುಟಿ ನಾಲಗೆಗಳು ಊದುತ್ತವೆ. ಮಾತ್ರೆ ಆರಂಭಿಸಿ ತಿಂಗಳುಗಳು, ವರ್ಷಗಳು ಕಳೆದ ಮೇಲೂ ಇದು ಬರಬಹುದಾದುದರಿಂದ ಮಾತ್ರೆಯ ಮೇಲೆ ಯಾರಿಗೂ ಅನುಮಾನ ಹುಟ್ಟುವುದಿಲ್ಲ. ಮನೆಯ ಹಿರಿಯರು ‘ಪ್ರಿಲ್’ ಎಂದು ಕೊನೆಗೊಳ್ಳುವ ಮಾತ್ರೆಯನ್ನು ನುಂಗುತ್ತಿದ್ದು ಅವರ ನಾಲಗೆ ಊದಿದರೆ, ಮಾತ್ರೆಯ ಚೀಟಿಯನ್ನು ಕೈಯಲ್ಲಿ ಹಿಡಿದೇ ಕೂಡಲೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಆನುವಂಶಿಕ ರೋಗವುಳ್ಳವರಿಗಂತೂ ಈ ಮಾತ್ರೆಗಳು ವರ್ಜ್ಯ. ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಮಾತ್ರೆಗಳೂ ಹಾಗೆಯೇ.

ಗಂಟಲಿಗೆ ಬಂದಾಗ

ಆನುವಂಶಿಕ ರೋಗವುಳ್ಳವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಗಂಟಲಿನ ಬಾವು ಬರುತ್ತದೆ. ಧ್ವನಿ ಬದಲಾಗುವುದು, ನುಂಗಲು ಕಷ್ಟವಾಗುವುದು, ಗಂಟಲಲ್ಲಿ ಗಂಟು ಸಿಕ್ಕಿದಂತಾಗುವುದು ಇದರ ಲಕ್ಷಣಗಳು. ಬಹಳ ಸಲ ಗಂಟೆಗಳ ಅವಕಾಶವಿರುತ್ತದೆ. ಕೆಲವೊಮ್ಮೆ ಅರ್ಧ ಗಂಟೆಯೂ ಇರುವುದಿಲ್ಲ. ನೆಲೋಗಿಯಿಂದ ಜೇವರ್ಗಿ, ಅಲ್ಲಿಂದ ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮೆಯನ್ನು ದಾಟಿ ಕಲಬುರಗಿ: ಈ ದಾರಿಯನ್ನು ಸವೆಸಬೇಕಾದವರು ‘ಬೆಳಗಾಗಲಿ, ನೋಡೋಣ’ ಎನ್ನುವಂತಿಲ್ಲ. ಕಾರಣ ತಿಳಿಯದ ಗಂಟಲ ಬಾವಿಗೆ ವೈದ್ಯರು ಅಡ್ರಿನಲಿನ್ ಕೊಡುವುದು ಯುಕ್ತವೇ, ಅಲರ್ಜಿಯಾಗಿದ್ದರೆ ಅದು ಪ್ರಾಣವನ್ನು ಉಳಿಸುತ್ತದೆ. ಬ್ರಾಡಿಕೈನಿನ್ನಿನ ಬಾವಾದರೆ ಅದಕ್ಕೆ ಜಗ್ಗುವುದಿಲ್ಲ. ಆಗ ಉಸಿರಿನ ದಾರಿಯನ್ನು ಕೊಳವೆಯಿಂದ ಕಾಪಾಡಲು ಸಿದ್ಧವಿರುವ ಆಸ್ಪತ್ರೆಯೇ ಬೇಕು.

ಈ ಬಾವಿಗೆ ಮದ್ದಿಲ್ಲದಿಲ್ಲ. ತಡೆಗಾರನನ್ನೇ ದಾನಿಗಳ ರಕ್ತದಿಂದ ಬೇರ್ಪಡಿಸಿ ಚುಚ್ಚುವುದು ಒಂದು ವಿಧಾನ. ಬ್ರಾಡಿಕೈನಿನ್ ಕುಳಿತುಕೊಳ್ಳುವ ಜಾಗವನ್ನು ಮುಚ್ಚುವ ಇಕಾಟಿಬ್ಯಾಂಟ್ ಇನ್ನೊಂದು. 2018ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲಾನಡೆಲುಮ್ಯಾಬ್ ಕ್ಯಾಲಿಕ್ರೀನನ್ನೇ ಕಟ್ಟಿಹಾಕುತ್ತದೆ. ಇವು ಬಹಳ ಬೆಲೆಯುಳ್ಳವು. ಇವು ಸಿಗದಲ್ಲಿ ರಕ್ತನಿಧಿಯ ಶೈತ್ಯೀಕರಿಸಿದ ತಾಜಾ ಪ್ಲಾಸ್ಮಾವನ್ನು ನಮ್ಮ ದೇಶದ ವೈದ್ಯರು ಬಳಸುತ್ತ ಬಂದಿದ್ದಾರೆ. ಆರೋಗ್ಯವಂತರ ತಡೆಗಾರ ಅದರಲ್ಲಿರುತ್ತದೆ. ಬಾವು ಬಾರದಂತೆ ತಡೆಯಲು ಡ್ಯಾನಜಾಲ್, ಟ್ರಾನೆಕ್ಸಾಮಿಕ್ ಆಮ್ಲ ಮೊದಲಾದ ಅಗ್ಗದ ಮಾತ್ರೆಗಳುಂಟು. ಅವನ್ನು ವೈದ್ಯರ ನಿಗಾದಲ್ಲಿಯೇ ಸೇವಿಸಬೇಕು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯಲ್ಲಿ ಈ ರೋಗದ ಮನೆತನಗಳನ್ನು ಗುರುತಿಸಿ ನೋಡಿಕೊಳ್ಳುವ ಕೆಲಸ ವರ್ಷಗಳಿಂದ ನಡೆದಿದೆ. ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಆನುವಂಶಿಕ ರೋಗಗಳ ಬಗೆಗೆ ಸಲಹೆ ನೀಡುತ್ತದೆ.

ಆದರೂ ಎಲ್ಲ ಔಷಧಿಗಳಿಗಿಂತ ಮೊದಲಿನ ಔಷಧಿ ರೋಗದ ಹೆಸರು. ಜರ್ಮನಿಯಲ್ಲಿ 182 ಮನೆತನಗಳ 728 ರೋಗಿಗಳ ವೃತ್ತಾಂತವನ್ನು ಪರಿಶೀಲಿಸಿ 2012ರಲ್ಲಿ ಒಂದು ವರದಿ ಪ್ರಕಟವಾಯಿತು. ಆ ಮನೆತನಗಳಲ್ಲಿ ಗಂಟಲು ಕಟ್ಟಿ ಸತ್ತವರು 70 ಮಂದಿ. ಅವರಲ್ಲಿ 63 ಮಂದಿಗೆ ತಮಗಿದ್ದ ರೋಗ ಯಾವುದೆಂಬುದೇ ಗೊತ್ತಿರಲಿಲ್ಲ. ಗೊತ್ತಿದ್ದವರು ಏಳೇ ಮಂದಿ. ಹೆಸರು ತಿಳಿದವನು ಹಲ್ಲು ಕೀಳಿಸುವ ಮುನ್ನ ವೈದ್ಯರಿಗೆ ಹೇಳುತ್ತಾನೆ. ಧ್ವನಿ ಬದಲಾದ ಕೂಡಲೆ ಗಾಡಿ ಹತ್ತುತ್ತಾನೆ. ಮಕ್ಕಳ ರಕ್ತವನ್ನೂ ಒಡಹುಟ್ಟಿದವರ ರಕ್ತವನ್ನೂ ಪರೀಕ್ಷೆ ಮಾಡಿಸುತ್ತಾನೆ. ರೋಗದ ಹೆಸರನ್ನು ಬರೆದ ಚೀಟಿಯೊಂದನ್ನು ಕಿಸೆಯಲ್ಲಿಟ್ಟುಕೊಂಡಿರುತ್ತಾನೆ.

ವಿದ್ಯಾರ್ಥಿಗಳಾದ ನಮ್ಮ ಓದುಗರು ವೈದ್ಯರಲ್ಲ. ರೋಗನಿರ್ಣಯ ಮಾಡುವುದು ಅವರ ಕೆಲಸವೂ ಅಲ್ಲ. ಆದರೆ ತುರಿಕೆಯಿಲ್ಲದ ಬಾವು ಮತ್ತೆ ಮತ್ತೆ ಬರುವವರನ್ನು ತರಗತಿಯಲ್ಲೋ ಮನೆಯಲ್ಲೋ ನೆರೆಯಲ್ಲೋ ಕಂಡಾಗ, ‘ಸಿ-4 ಪರೀಕ್ಷೆ ಮಾಡಿಸಿದ್ದೀರಾ ಎಂದು ವೈದ್ಯರನ್ನು ಕೇಳಿರಿ’ ಎಂಬ ಒಂದು ಮಾತನ್ನು ಅವರು ಹೇಳಬಲ್ಲರು. ಜಿಲ್ಲೆಯ ಆ ಐವತ್ತು ಮಂದಿಯಲ್ಲಿ ಒಬ್ಬರಿಗೆ ಆ ಮಾತು ತಲುಪಿದರೂ, ಅವರೊಬ್ಬರಿಂದ ಒಂದು ಮನೆತನವೇ ಎಚ್ಚರಗೊಳ್ಳುತ್ತದೆ.